ಟೋಪಿ ಬಿಚ್ಚದ ಅತಿಥಿ: ರೀಜೆನ್ಸಿ ಕಾಲದ ಭೇಟಿಯ ದೃಶ್ಯ ಬರೆಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಹಳೆಯ ಇಂಗ್ಲಿಷ್ ಕಾದಂಬರಿಗಳಿಗೆ ಚಿತ್ರ ಬರೆಯಲು ಕೂತವರು ಸಾಮಾನ್ಯವಾಗಿ ಗೌನಿನಿಂದ ಶುರುಮಾಡುತ್ತಾರೆ. ಎದೆಯ ಕೆಳಗೇ ಕಟ್ಟಿದ ಸೊಂಟ, ಉದ್ದನೆಯ ಲಂಗ, ಹಣೆಯ ಮೇಲೆ ಗುಂಗುರು ಕೂದಲು, ಎಲ್ಲರ ಕೈಯಲ್ಲೂ ಒಂದೊಂದು ಟೀ ಕಪ್ಪು. ಅಲ್ಲಿಗೆ ಕಾದಂಬರಿಗಾರ್ತಿ ಜೇನ್ ಆಸ್ಟೆನ್ನಳ ಲೋಕ ಮುಗಿಯಿತು. ಇಂಥ ಚಿತ್ರದಲ್ಲಿ ಬಟ್ಟೆ ತಕ್ಕಮಟ್ಟಿಗೆ ಸರಿಯಿದ್ದರೂ ಮನೆಯವರು ಯಾರು, ಬಂದವರು ಯಾರು, ಬಂದವರು ಎಷ್ಟು ಹೊತ್ತು ಕೂರುತ್ತಾರೆ ಅನ್ನುವುದು ತಿಳಿಯುವುದಿಲ್ಲ. ಆ ಕಾಲದಲ್ಲಿ ಇದನ್ನೆಲ್ಲ ಉಡುಪೇ ಹೇಳುತ್ತಿತ್ತು. ತಲೆಯ ಮೇಲೆ ಏನಿದೆ, ಕೈಗೆ ಏನು ತೊಟ್ಟಿದ್ದಾರೆ ಅನ್ನುವುದನ್ನು ಮೊದಲು ತೀರ್ಮಾನಿಸಿ, ನೆರಿಗೆ, ಲೇಸುಗಳ ಕಡೆಗೆ ಆಮೇಲೆ ಹೋದರೆ ಅರ್ಧ ಕೆಲಸ ಆದ ಹಾಗೆ.

ಇಲ್ಲಿ ಒಂದೇ ದೃಶ್ಯವನ್ನು ಮೊದಲಿನಿಂದ ಕೊನೆಯವರೆಗೆ ಬರೆಯೋಣ. ಆಸ್ಟೆನ್ನಳ 'ಪ್ರೈಡ್ ಅಂಡ್ ಪ್ರೆಜುಡೀಸ್' ಕಾದಂಬರಿಯ 56ನೆಯ ಅಧ್ಯಾಯದಲ್ಲಿ ಲೇಡಿ ಕ್ಯಾಥರೀನ್ ಎಂಬ ಸಿರಿವಂತೆ ಹೇಳದೆ ಕೇಳದೆ ಬೆನೆಟ್ ಕುಟುಂಬದ ಮನೆಗೆ ಬಂದು ಕೂರುವ ದೃಶ್ಯ ಅದು. ಭೇಟಿಯ ಕಟ್ಟಳೆಗಳನ್ನೆಲ್ಲ ಮುರಿಯುವ ಭೇಟಿ ಇದು. ಮುರಿದದ್ದು ಕಾಣಬೇಕಾದರೆ ಕಟ್ಟಳೆಯೂ ಚಿತ್ರದಲ್ಲಿ ಇರಬೇಕು. ಅಭ್ಯಾಸಕ್ಕೆ ಅದಕ್ಕಾಗಿಯೇ ಇದು ಒಳ್ಳೆಯದು.

ಮೊದಲು ವರ್ಷ ಗೊತ್ತುಮಾಡಿ

ಕಟ್ಟುನಿಟ್ಟಾಗಿ ಹೇಳಿದರೆ ರೀಜೆನ್ಸಿ ಎಂದರೆ 1811ರ ಫೆಬ್ರವರಿಯಿಂದ 1820ರ ಜನವರಿವರೆಗೆ, ಮೂರನೆಯ ಜಾರ್ಜ್ ದೊರೆಯ ಪರವಾಗಿ ಅವನ ಮಗ ಆಡಳಿತ ನಡೆಸಿದ ಒಂಬತ್ತು ವರ್ಷ. ಉಡುಪಿನ ವಿಚಾರ ಬಂದಾಗ 1795ರಿಂದ 1825ರವರೆಗಿನದನ್ನೆಲ್ಲ ಅದೇ ಹೆಸರಿನಲ್ಲಿ ಕರೆಯುವುದು ರೂಢಿ. ತೊಂದರೆ ಶುರುವಾಗುವುದು ಇಲ್ಲೇ. ಈ 30 ವರ್ಷಗಳಲ್ಲಿ ಗೌನು ಎಷ್ಟೋ ಸಲ ಬದಲಾಯಿತು. 1790ರ ದಶಕದ ಕೊನೆಯಲ್ಲಿ ಲಂಗ ತುಂಬಿಕೊಂಡಿದೆ, ಮುಂದೆಯೂ ನೆರಿಗೆ ಇದೆ. 1800ರ ಆಸುಪಾಸಿನಲ್ಲಿ ಹಿಂದೆ ನೆಲದ ಮೇಲೆ ಎಳೆಯುವ ಬಾಲ. 1810ರ ಹೊತ್ತಿಗೆ ಹಗಲಿನ ಉಡುಪಿನಲ್ಲಿ ಬಾಲವಿಲ್ಲ, ಮುಂಭಾಗ ನೇರ, ಸರಳ. 1815 ದಾಟಿದ ಮೇಲೆ ಲಂಗದ ಅಂಚಿಗೆ ಸಾಲುಸಾಲು ಝಾಲರಿ ಬಂದು ಆಕಾರ ಗಂಟೆಯ ಕಡೆಗೆ ತಿರುಗುತ್ತದೆ. 1820ರ ದಶಕದಲ್ಲಿ ಸೊಂಟ ಕೆಳಗಿಳಿಯುತ್ತಾ ಹೋಗಿ ತೋಳು ಉಬ್ಬುತ್ತದೆ.

ಒಂದೇ ಚಿತ್ರದಲ್ಲಿ 1798ರ ಲಂಗ, 1818ರ ಅಂಚು, 1828ರ ತೋಳು ಬಂದುಬಿಡುವುದು ತೀರ ಸಾಮಾನ್ಯ ತಪ್ಪು. ಇದಕ್ಕೆ ಹಳೆಯ ಉದಾಹರಣೆಯೂ ಇದೆ. ಇಂಗ್ಲೆಂಡಿನಲ್ಲಿ ಆಸ್ಟೆನ್ ಕಾದಂಬರಿಗಳಿಗೆ ಮೊದಲು ಚಿತ್ರ ಬಂದದ್ದು ಬೆಂಟ್ಲಿ ಎಂಬ ಪ್ರಕಾಶಕನ 1833ರ ಆವೃತ್ತಿಯಲ್ಲಿ. ಅದರಲ್ಲಿ ಫರ್ಡಿನಂಡ್ ಪಿಕರಿಂಗ್ ಪಾತ್ರಗಳಿಗೆ ತನ್ನ ಕಾಲದ, ಅಂದರೆ 1830ರ ದಶಕದ ಬಟ್ಟೆಯನ್ನೇ ತೊಡಿಸಿದ. ಕತೆಯ ಕಾಲಕ್ಕೆ ಹೊಂದುವ ಉಡುಪನ್ನು ಹುಡುಕಿ ತೊಡಿಸುವ ಪರಿಪಾಠ ಗಟ್ಟಿಯಾದದ್ದು 1890ರ ದಶಕದಲ್ಲಿ. ಹ್ಯೂ ಥಾಮ್ಸನ್ 1894ರಲ್ಲಿ ಈ ಕಾದಂಬರಿಗೆ 160 ಚಿತ್ರ ಬರೆದ, ಮರುವರ್ಷ ಸಿ. ಇ. ಬ್ರಾಕ್ ಬೇರೊಂದು ಪ್ರಕಾಶಕರಿಗೆ ಬರೆದ. ಕೇಂಬ್ರಿಜ್‌ನ ಬ್ರಾಕ್ ಸಹೋದರರು ಹಳೆಯ ಕಾಲದ ಉಡುಪು, ಕುರ್ಚಿ, ಮೇಜುಗಳನ್ನು ಸ್ಟುಡಿಯೋದಲ್ಲೇ ಕೂಡಿಟ್ಟುಕೊಂಡು, ಮನೆಯವರಿಗೇ ತೊಡಿಸಿ ನಿಲ್ಲಿಸಿಕೊಂಡು ಬರೆಯುತ್ತಿದ್ದರು. ಇವರ ರೇಖೆ ನೋಡಿ ಕಲಿಯಿರಿ; ಉಡುಪಿನ ದಾಖಲೆಗೆ ಮಾತ್ರ ಇವರನ್ನು ನೆಚ್ಚಬೇಡಿ. ಇವರೂ 80 ವರ್ಷ ಆಚೆಯಿಂದಲೇ ನೋಡಿದವರು.

ದಾಖಲೆಗೆ ಆ ಕಾಲದ್ದೇ ಫ್ಯಾಷನ್ ಪ್ಲೇಟುಗಳು, ಅಂದರೆ ಹೊಸ ಉಡುಪು ತೋರಿಸುವ ಅಚ್ಚಿನ ಚಿತ್ರಗಳು ಬೇಕು. ಲಂಡನ್ನಿನಲ್ಲಿ ರುಡಾಲ್ಫ್ ಆಕರ್ಮನ್ 1809ರಿಂದ ಹೊರಡಿಸುತ್ತಿದ್ದ ಮಾಸಪತ್ರಿಕೆ ಇದಕ್ಕೆ ಹೇಳಿ ಮಾಡಿಸಿದ್ದು. ಕೈಯಿಂದ ಬಣ್ಣ ಹಾಕಿದ ಪ್ಲೇಟು, ಅದಕ್ಕೆ ವಿವರಣೆ, ಕೆಲವು ಸಂಚಿಕೆಗಳಲ್ಲಿ ನಿಜವಾದ ಬಟ್ಟೆಯ ತುಂಡನ್ನೇ ಅಂಟಿಸಿದ ಪುಟ. ಒಂದೇ ಎಚ್ಚರಿಕೆ: ಫ್ಯಾಷನ್ ಪ್ಲೇಟಿನ ಹೆಂಗಸರು ವಿಪರೀತ ಉದ್ದ, ತಲೆ ಚಿಕ್ಕದು. ಬಟ್ಟೆಯ ಕಟ್ ಅಲ್ಲಿಂದ ತೆಗೆದುಕೊಳ್ಳಿ, ಮೈಯ ಪ್ರಮಾಣ ಬೇಡ.

ನಮ್ಮ ದೃಶ್ಯಕ್ಕೆ 1812 ಇಟ್ಟುಕೊಳ್ಳೋಣ. ಕಾದಂಬರಿ ಪ್ರಕಟವಾದದ್ದು 1813ರ ಜನವರಿಯಲ್ಲಿ, ಮೊದಲ ಕರಡು 1790ರ ದಶಕದ್ದು. ಹಾಗಾಗಿ 1797 ಅಂತ ಹಿಡಿದರೂ ತಪ್ಪಲ್ಲ. ಹಿಡಿದ ವರ್ಷವನ್ನು ಪುಸ್ತಕ ಮುಗಿಯುವವರೆಗೆ ಬಿಡದಿರುವುದು ಮುಖ್ಯ. ಆ ವರ್ಷವನ್ನು ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ.

ಪಠ್ಯವನ್ನು ಹಿಂಡಿ

ಅಧ್ಯಾಯವನ್ನು ಮೂರು ಸಲ ಓದಿ, ಕಾಗದದ ಮೇಲೆ ಮೂರು ಕಂಬ ಎಳೆಯಿರಿ: ಲೇಖಕಿ ಹೇಳಿರುವುದು, ಲೇಖಕಿ ಹೇಳದಿದ್ದರೂ ಆ ಕಾಲದ ರೂಢಿ ಹೇಳುವುದು, ನಾವೇ ಸೇರಿಸುವುದು. ಮೂರನೆಯ ಕಂಬ ಎಷ್ಟು ಸಣ್ಣದಿದ್ದರೆ ಅಷ್ಟು ಒಳ್ಳೆಯದು.

ಮೊದಲ ಕಂಬಕ್ಕೆ ಇಲ್ಲಿ ಬೇಕಾದಷ್ಟು ಸಿಗುತ್ತದೆ. ಭೇಟಿಗೆ ಬರುವವರ ಹೊತ್ತಿಗಿಂತ ಮುಂಚೆಯೇ ನಾಲ್ಕು ಕುದುರೆಯ ಗಾಡಿ ಬರುತ್ತದೆ. ಲೇಡಿ ಕ್ಯಾಥರೀನ್ ಎತ್ತರದ, ದಪ್ಪ ಮೈಕಟ್ಟಿನ, ಎದ್ದು ಕಾಣುವ ಮುಖಲಕ್ಷಣದ ಹೆಂಗಸು. ಇದು ಹಿಂದಿನ ಅಧ್ಯಾಯವೊಂದರಲ್ಲೇ ಬಂದಿದೆ. ಬೆನೆಟ್ ಮನೆಯ ಮಗಳು, ಕತೆಯ ನಾಯಕಿ ಎಲಿಜಬೆತ್ ವಂದಿಸಿದ್ದಕ್ಕೆ ಅವಳು ತಲೆಯನ್ನು ಕೊಂಚ ಬಾಗಿಸಿ ಸುಮ್ಮನೆ ಕೂರುತ್ತಾಳೆ. ಮನೆಯೊಡತಿಗೆ ತನ್ನ ಪರಿಚಯ ಮಾಡಿಸು ಅಂತ ಕೇಳುವುದೂ ಇಲ್ಲ. ಆ ಹೊತ್ತಿನಲ್ಲಿ ಕೋಣೆಯಲ್ಲಿರುವವರು ತಾಯಿ ಮಿಸೆಸ್ ಬೆನೆಟ್, ಎಲಿಜಬೆತ್, ಅವಳ ತಂಗಿ ಕಿಟ್ಟಿ. ಬಂದವಳೂ ಸೇರಿ ನಾಲ್ವರು. ಏನಾದರೂ ತಗೊಳ್ಳಿ ಅಂದರೆ ಅತಿಥಿ ಬೇಡ ಅನ್ನುತ್ತಾಳೆ, ಆದ್ದರಿಂದ ಯಾರ ಕೈಯಲ್ಲೂ ತಟ್ಟೆ ಇಲ್ಲ. ಕಿಟಕಿಗಳು ನೇರ ಪಶ್ಚಿಮಕ್ಕಿವೆ ಅಂತ ಅವಳೇ ಆಕ್ಷೇಪಿಸುತ್ತಾಳೆ. ಈ ಕೊನೆಯ ಮಾತು ಚಿತ್ರಕಾರನಿಗೆ ಸಿಕ್ಕ ಬಂಗಾರ: ಬೆಳಗಿನ ಹೊತ್ತು, ಪಶ್ಚಿಮದ ಕಿಟಕಿ, ಅಂದರೆ ಬಿಸಿಲಿನ ಪಟ್ಟಿ ಒಳಗೆ ಬೀಳುವಂತಿಲ್ಲ. ಬೆಳಕು ಮೆತ್ತಗೆ, ನೆರಳು ತೆಳು. ಕಿಟಕಿಯಿಂದ ನೆಲಕ್ಕೆ ಓರೆಯಾಗಿ ಬಿಸಿಲು ಎಳೆದಿರೋ, ಕೆಟ್ಟಿತು.

ಒಂದು ತೊಡಕೂ ಇದೆ. ಗಾಡಿ ಬಂದಾಗ ಮನೆಯವರು ಊಟದ ಕೋಣೆಯಲ್ಲಿದ್ದರು ಅನ್ನುತ್ತದೆ ಪಠ್ಯ. ಸ್ವಲ್ಪ ಹೊತ್ತಿಗೆ ಲೇಡಿ ಕ್ಯಾಥರೀನ್ ಹೊರಗೆ ಹೊರಟಾಗ ದಾರಿಯಲ್ಲಿ ಊಟದ ಕೋಣೆಯ ಬಾಗಿಲು ತೆರೆದು ಇಣುಕುತ್ತಾಳೆ ಅಂತಲೂ ಅನ್ನುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಹೊಂದಿಸಲಾಗದು. ಅವಳೇ ಅದನ್ನು ಕೂರುವ ಕೋಣೆ ಅಂದಿರುವುದರಿಂದ ಊಟದ ಮೇಜು ಬಿಟ್ಟು, ಹೊಲಿಗೆಯ ಬುಟ್ಟಿ ಇಟ್ಟು ಮುಂದೆ ಹೋಗುವುದು ಜಾಣತನ.

ಭೇಟಿಯ ಕಟ್ಟಳೆ

ಇದು ಎರಡನೆಯ ಕಂಬ. ಬೆಳಗಿನ ಭೇಟಿ ಎಂಬ ಹೆಸರಿಗೆ ಮೋಸ ಹೋಗಬೇಡಿ. ದಿನದ ದೊಡ್ಡ ಊಟದ ತನಕ ಎಲ್ಲವೂ ಬೆಳಗೇ. ಇದೇ ಕಾದಂಬರಿಯಲ್ಲಿ ಸಿರಿವಂತರ ಮನೆಯೊಂದರ ಊಟ ಸಂಜೆ ಆರೂವರೆಗೆ. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ಬಂದವರೂ ಬೆಳಗಿನ ಭೇಟಿಗೇ ಬಂದವರು. ಕಾಲು ಗಂಟೆ ಕೂತು ಏಳುವುದು ಮರ್ಯಾದೆ. ನೆರೆಗೆ ಬಂದ ಸಿರಿವಂತ ಯುವಕ ಬಿಂಗ್ಲಿ ಮೊದಲ ಸಲ ಬಂದಾಗ ಮಿಸ್ಟರ್ ಬೆನೆಟ್ ಜೊತೆ ಪುಸ್ತಕದ ಕೋಣೆಯಲ್ಲಿ ಕೂರುವುದು ಸುಮಾರು ಹತ್ತೇ ನಿಮಿಷ. 'ಎಮ್ಮಾ' ಕಾದಂಬರಿಯಲ್ಲಿ, ಆರು ವಾರ ಇದ್ದು ಬಂದ ಮನೆಗೆ ಹ್ಯಾರಿಯೆಟ್ ಮತ್ತೆ ಹೋದಾಗ ಸಿಗುವುದು ಹದಿನಾಲ್ಕು ನಿಮಿಷ. ಆ ಲೆಕ್ಕದಲ್ಲೇ ಅವಮಾನ ಇದೆ.

ಇಷ್ಟು ಕಡಿಮೆ ಹೊತ್ತಿಗೆ ಬಂದ ಹೆಂಗಸು ಬಾನೆಟ್, ಅಂದರೆ ಗಲ್ಲದ ಕೆಳಗೆ ರಿಬ್ಬನ್ ಕಟ್ಟುವ ಹೊರಗಿನ ಟೋಪಿ ಬಿಚ್ಚುವುದಿಲ್ಲ, ಮೇಲಂಗಿ ತೆಗೆಯುವುದಿಲ್ಲ, ಕೈಗವಸೂ ಹಾಗೇ ಇರುತ್ತದೆ. ಮನೆಯ ಹೆಂಗಸರದು ಬರಿಗೈ, ಕೈಯಲ್ಲಿ ಹೊಲಿಗೆ. ಹುಡುಗಿಯರ ತಲೆಗೆ ಟೋಪಿ ಇಲ್ಲ, ಮದುವೆಯಾದವಳ ತಲೆಗೆ ಬಿಳಿ ಮಸ್ಲಿನ್ನಿನ ಮನೆಟೋಪಿ. ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರುವುದು ನಮ್ಮ ಪದ್ಧತಿ. ಹಾಗಾಗಿ ಟೋಪಿ ಸಮೇತ ಕೂತ ಅತಿಥಿ ನಮ್ಮ ಕಣ್ಣಿಗೆ ಗತ್ತಿನವಳಂತೆ ಕಾಣುತ್ತಾಳೆ. ಅಲ್ಲಿ ಅದು ಸಹಜ. ಬಾನೆಟ್ ಬಿಚ್ಚಿಟ್ಟರೆ ಊಟಕ್ಕೋ ರಾತ್ರಿಗೋ ನಿಲ್ಲುತ್ತಾಳೆ ಅಂತ ಅರ್ಥ. ಆದ್ದರಿಂದ ಲೇಡಿ ಕ್ಯಾಥರೀನಳ ಗತ್ತನ್ನು ಬಾನೆಟ್ಟಿನಲ್ಲಿ ತೋರಿಸಲು ಹೋಗಬೇಡಿ. ಅದನ್ನು ಕೂರುವ ರೀತಿಯಲ್ಲಿ, ಸುತ್ತಲಿನ ಖಾಲಿ ಜಾಗದಲ್ಲಿ ತೋರಿಸಬೇಕು.

ಗಂಡಸು ದಪ್ಪ ಓವರ್‌ಕೋಟನ್ನು ಹೊರಗೆ ಆಳಿನ ಕೈಗೆ ಕೊಡುತ್ತಾನೆ; ಟೋಪಿ, ಬೆತ್ತ ಮಾತ್ರ ಕೈಯಲ್ಲೇ ಹಿಡಿದು ಒಳಗೆ ಬರುತ್ತಾನೆ. ಕೂತಾಗ ಟೋಪಿ ತೊಡೆಯ ಮೇಲೆ, ಇಲ್ಲವೇ ಕುರ್ಚಿಯ ಪಕ್ಕ ನೆಲದ ಮೇಲೆ. ಟೋಪಿಯನ್ನು ಗೂಟಕ್ಕೆ ನೇತುಹಾಕಿ ಆರಾಮಾಗಿ ಕೂತ ಗಂಡಸು ಅತಿಥಿಯಾಗಿ ಉಳಿಯುವುದಿಲ್ಲ, ಮನೆಯವನಾಗಿಬಿಡುತ್ತಾನೆ.

ಇನ್ನು ಟೀ. ಬೆಳಗಿನ ಭೇಟಿಗೆ ಟೀ ಕೊಡುತ್ತಿರಲಿಲ್ಲ. ಟೀ ಬರುತ್ತಿದ್ದದ್ದು ರಾತ್ರಿಯೂಟ ಆದ ಮೇಲೆ. ನಾಲ್ಕು ಗಂಟೆಯ ಟೀ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ರೂಢಿಗೆ ಬಂದದ್ದು 1840ರ ದಶಕದಲ್ಲಿ. ಭೇಟಿಗೆ ಬಂದವರಿಗೆ ಏನಾದರೂ ಕೊಡುವುದಿದ್ದರೆ ಕೇಕು, ವೈನು, ತಣ್ಣನೆಯ ಮಾಂಸ, ಹಣ್ಣು. ಇದೇ ಕಾದಂಬರಿಯ ಪೆಂಬರ್ಲಿ ಎಂಬ ದೊಡ್ಡ ಮನೆಯ ಭೇಟಿಯಲ್ಲಿ ದ್ರಾಕ್ಷಿ, ಪೀಚ್ ಹಣ್ಣುಗಳನ್ನು ಗೋಪುರದ ಹಾಗೆ ಪೇರಿಸಿಟ್ಟಿರುತ್ತಾರೆ. ಅದನ್ನು ಬರೆಯುವ ಸುಖವೇ ಬೇರೆ, ಇಲ್ಲಿ ಅವಕಾಶವಿಲ್ಲ.

ಸಾಮಾನು, ಅಳತೆ

ಕನ್ನಡ ಪುಸ್ತಕ ಸಾಮಾನ್ಯವಾಗಿ ಡೆಮಿ 1/8, ಅಂದರೆ ಸುಮಾರು 5.5 × 8.5 ಇಂಚು. ಅದರಲ್ಲಿ ಪೂರ್ತಿ ಪುಟದ ಚಿತ್ರಕ್ಕೆ 4 × 6 ಇಂಚು ಸಿಗುತ್ತದೆ ಅಂತಿಟ್ಟುಕೊಳ್ಳಿ. ಚಿತ್ರವನ್ನು ಒಂದೂವರೆ ಪಟ್ಟು ದೊಡ್ಡದಾಗಿ, 6 × 9 ಇಂಚಿನಲ್ಲಿ ಬರೆಯಿರಿ. ಕುಗ್ಗಿಸಿದಾಗ ಕೈನಡುಕ ಅಡಗುತ್ತದೆ, ರೇಖೆ ಬಿಗಿಯಾಗುತ್ತದೆ. 1890ರ ದಶಕದವರೂ ದೊಡ್ಡದಾಗಿ ಬರೆದು, ಫೋಟೋ ತೆಗೆಸಿ, ಸತುವಿನ ಬ್ಲಾಕಿಗೆ ಕುಗ್ಗಿಸುತ್ತಿದ್ದರು. ಎರಡು ಪಟ್ಟಿಗಿಂತ ದೊಡ್ಡದು ಬೇಡ: ಸಣ್ಣ ಗೆರೆಗಳು ಮುದ್ರಣದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ನುಣುಪಾದ ಬ್ರಿಸ್ಟಲ್ ಹಾಳೆ, 2ಎಚ್ ಪೆನ್ಸಿಲು, ಹಿಟ್ಟಿನಂಥ ಮೆತ್ತನೆ ರಬ್ಬರು, ನೀರಿಗೆ ಕರಗದ ಕಪ್ಪು ಡ್ರಾಯಿಂಗ್ ಇಂಕ್, ಅದ್ದಿ ಬರೆಯುವ ಹಿಡಿಕೆ. ನಿಬ್ಬು ಎರಡು ಸಾಕು: ಮುಖ, ಮಸ್ಲಿನ್‌ಗೆ ಜಿಲಾಟ್ 303ರಂಥ ತೆಳುವಾದದ್ದು, ಗಾಢ ಉಡುಪಿಗೆ ನಿಕ್ಕೋ ಜಿ ಥರದ ಗಟ್ಟಿಯಾದದ್ದು. ಹೊಸ ನಿಬ್ಬಿನ ಮೇಲೆ ಎಣ್ಣೆಯ ಪದರ ಇರುತ್ತದೆ. ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸದಿದ್ದರೆ ಇಂಕು ನಿಬ್ಬಿಗೆ ಹಿಡಿಯದೆ ತೊಟ್ಟಿಕ್ಕುತ್ತದೆ. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಕೂತು ಬರೆದರೆ ಎರಡು ನಿಮಿಷಕ್ಕೆ ನಿಬ್ಬಿನ ತುದಿ ಒಣಗಿ ಗೆರೆ ಹರಿಯುತ್ತದೆ. ಫ್ಯಾನ್ ಆರಿಸಿ, ಇಲ್ಲವೇ ಆಗಾಗ ನೀರಿಗೆ ಅದ್ದಿ ಒರೆಸಿ.

ಇನ್ನೊಂದು ಸಾಮಾನು ಅಂಗಡಿಯಲ್ಲಿ ಬಟ್ಟೆ ಅಳೆಸಿ ತರಬೇಕಾದದ್ದು: ಮೂರು ಮೀಟರ್ ತೆಳು ಮಲ್‌ಮಲ್. ಆ ಕಾಲದ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುವ ಮಸ್ಲಿನ್ ಇದರ ಸೋದರಿ. ಒಳ್ಳೆಯದು ಭಾರತದಿಂದಲೇ ಹೋಗುತ್ತಿತ್ತು. 'ನಾರ್ಥ್ಯಾಂಗರ್ ಅಬ್ಬೆ'ಯಲ್ಲಿ ಹೆನ್ರಿ ಟಿಲ್ನಿ ತಂಗಿಯ ಗೌನಿಗೆ ಅಪ್ಪಟ ಭಾರತದ ಮಸ್ಲಿನ್ ಗಜಕ್ಕೆ ಐದು ಶಿಲಿಂಗಿನಂತೆ ತಂದೆ ಎಂದು ಜಂಬ ಕೊಚ್ಚಿಕೊಳ್ಳುತ್ತಾನೆ. ಮಲ್‌ಮಲ್ಲನ್ನು ಒಮ್ಮೆ ಒಗೆದು ಗಂಜಿ ತೆಗೆದ ಮೇಲೆ ಬಳಸಿ. ಗಂಜಿ ಇರುವ ಬಟ್ಟೆ, ಆರ್ಗಂಡಿ, ನೈಲಾನ್ ಇವುಗಳ ಮಡಿಕೆಯೇ ಬೇರೆ.

ಸೊಂಟ ಎಲ್ಲಿದೆ, ನೆರಿಗೆ ಎಲ್ಲಿದೆ

ಬಟ್ಟೆಗಿಂತ ಮೊದಲು ಮೈ ಬರೆಯಿರಿ. ನಿಂತ ಹೆಂಗಸು ಏಳೂವರೆ ತಲೆ ಎತ್ತರ. ನೆತ್ತಿಯಿಂದ ಎರಡು ತಲೆ ಕೆಳಗೆ ಇಳಿದು, ಅದಕ್ಕಿಂತ ಚೂರು ಕೆಳಗೆ ಒಂದು ಅಡ್ಡಗೆರೆ ಎಳೆಯಿರಿ. 1812ರ ಸೊಂಟ ಅಲ್ಲಿದೆ. ಕೈ ಇಳಿಬಿಟ್ಟಾಗ ಆ ಗೆರೆ ಭುಜ ಮತ್ತು ಮೊಣಕೈಯ ನಡುಭಾಗದ ಹತ್ತಿರ ಬರಬೇಕು. ಮೊಣಕೈಯ ಮಟ್ಟಕ್ಕೆ ಬಂದಿದ್ದರೆ ನೀವು ಬರೆದದ್ದು 1830ರ ಸೊಂಟ. ಈ ಒಂದು ಪರೀಕ್ಷೆ ಅರ್ಧ ತಪ್ಪುಗಳನ್ನು ಹಿಡಿಯುತ್ತದೆ.

ಗೌನಿನ ಒಳಗೆ ಮೂರು ಪದರ: ಮೈಗೆ ಒಳಂಗಿ, ಅದರ ಮೇಲೆ ಲಾಡಿ ಬಿಗಿದ ಕಂಚುಕ, ಆಮೇಲೆ ಒಳಲಂಗ. ಕಂಚುಕದ ಕೆಲಸ ಎದೆಯನ್ನು ಎತ್ತಿ ನಿಲ್ಲಿಸುವುದು, ಬೆನ್ನನ್ನು ನೆಟ್ಟಗಿಡುವುದು. ನಡು ಹಿಂಡುವ ಕಾರ್ಸೆಟ್ ಮುಂದಿನ ಕಾಲದ್ದು. ಆದ್ದರಿಂದ ಕೂತ ಭಂಗಿಯಲ್ಲೂ ಬೆನ್ನು ಬಾಗುವುದಿಲ್ಲ, ಸೋಫಾಕ್ಕೆ ಒರಗಿ ಜಾರುವುದಿಲ್ಲ. ಬಾಗಬೇಕಾದರೆ ಸೊಂಟದ ಕೀಲಿನಿಂದಲೇ ಬಾಗುತ್ತಾರೆ.

ಇನ್ನು ನಮ್ಮವರ ಕೈ ತಪ್ಪುವ ಜಾಗ. ಸೀರೆ ನೋಡಿ ಬೆಳೆದ ಕಣ್ಣಿಗೆ ನೆರಿಗೆ ಅಂದರೆ ಮುಂದೆ, ಹೊಕ್ಕುಳ ಕೆಳಗೆ. ಕೈ ತಾನಾಗಿ ಅಲ್ಲೇ ಐದಾರು ಉದ್ದ ಗೆರೆ ಎಳೆದುಬಿಡುತ್ತದೆ. 1812ರ ಗೌನಿನಲ್ಲಿ ಮುಂಭಾಗ ಹೆಚ್ಚುಕಡಿಮೆ ಸಪಾಟು. ಬಟ್ಟೆಯ ತುಂಬುವಿಕೆಯೆಲ್ಲ ಬೆನ್ನ ನಡುವಿನ ಅಂಗೈ ಅಗಲದ ಜಾಗದಲ್ಲಿ, ಎತ್ತರದ ಸೊಂಟದ ಕೆಳಗೆ ಒತ್ತೊತ್ತಾಗಿ ಸೇರಿದೆ. ಮಲ್‌ಮಲ್ಲನ್ನು ಮನೆಯವರೊಬ್ಬರಿಗೆ ಎದೆಯ ಕೆಳಗೆ ಲಾಡಿಯಿಂದ ಕಟ್ಟಿ, ಸುತ್ತಳತೆ ಸುಮಾರು ಎರಡೂವರೆ ಮೀಟರ್ ಬಿಟ್ಟು, ಮುಂದೆ ನಯವಾಗಿ ಎಳೆದು, ಉಳಿದದ್ದೆಲ್ಲವನ್ನೂ ಬೆನ್ನಿಗೆ ತಳ್ಳಿ ಪಿನ್ ಹಾಕಿ. ನಡೆಸಿ ನೋಡಿ, ಕೂರಿಸಿ ನೋಡಿ, ಫೋಟೋ ತೆಗೆಯಿರಿ. ಕೂತಾಗ ಮುಂದಿನ ಬಟ್ಟೆ ಎರಡು ಮೊಣಕಾಲಿನಿಂದ ನೇರ ಕೆಳಗೆ ಬಿದ್ದು ನಡುವೆ ಸಣ್ಣಗೆ ಜೋಲುತ್ತದೆ. ಈ ಒಂದು ಜೋಲು ಬರೆದರೆ ಸಾಕು. ಹತ್ತು ಗೆರೆ ಬೇಡ.

ಬೆನ್ನಿನ ವಿವರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಬೆನ್ನಿನ ತುಂಡು ಬಹಳ ಕಿರಿದು, ತೋಳಿನ ಹೊಲಿಗೆ ಬೆನ್ನಿನ ಕಡೆಗೆ ಸರಿದಿದೆ, ಭುಜದ ಹೊಲಿಗೆ ಭುಜದ ಮೇಲಿಲ್ಲ, ಅದರ ಹಿಂದಿದೆ. ಹಿಂದಿನಿಂದ ನೋಡಿದರೆ ಈ ಹೊಲಿಗೆಗಳೆಲ್ಲ ಸೇರಿ ವಜ್ರದಾಕಾರ. ನಮ್ಮ ಚಿತ್ರದಲ್ಲಿ ಕಿಟ್ಟಿಯನ್ನು ಓದುಗರಿಗೆ ಬೆನ್ನು ಹಾಕಿ ಕೂರಿಸೋಣ. ಈ ಹೊಲಿಗೆ ತೋರಿಸಲು ಅದೊಂದು ನೆಪ, ಅತಿಥಿಯ ಮುಖ ನೋಡುವವಳೊಬ್ಬಳು ಓದುಗರ ಕಡೆಯಿಂದಲೂ ಇದ್ದಂತಾಗುತ್ತದೆ.

ನಾಲ್ವರಿಗೆ ಬಟ್ಟೆ

ಲೇಡಿ ಕ್ಯಾಥರೀನ್‌ಗೆ ಪೆಲೀಸ್, ಅಂದರೆ ಗೌನಿನ ಮೇಲೆ ತೊಡುವ ಉದ್ದನೆಯ ಕೋಟು. ಸೊಂಟ ಗೌನಿನಷ್ಟೇ ಎತ್ತರ, ಮುಂದೆ ಮೇಲಿಂದ ಕೆಳಗೆ ತೆರೆಯುತ್ತದೆ, ತೋಳು ಬೆರಳಗಣ್ಣಿನವರೆಗೆ ಇಳಿಯುತ್ತದೆ, ಅಂಚಿನಲ್ಲಿ ಒಳಗಿನ ಬಿಳಿ ಗೌನು ಎರಡು ಬೆರಳು ಇಣುಕುತ್ತದೆ. ಕತೆಯಲ್ಲಿ ಶರತ್ಕಾಲ, ಆಕೆ ಸಿರಿವಂತೆ. ದಪ್ಪ ರೇಷ್ಮೆ ಸರಿಹೊಂದುತ್ತದೆ. ತಲೆಗೆ ಬಾನೆಟ್, ಕೈಗೆ ಗವಸು. ಹುಡುಗಿಯರು ತೊಡುವ ಸ್ಪೆನ್ಸರ್ ಎಂಬ ಗಿಡ್ಡ ಜಾಕೀಟು ಈ ವಯಸ್ಸಿಗೂ ಈ ಗತ್ತಿಗೂ ಬೇಡ. ಬಾನೆಟ್ಟಿನ ಅಂಚು ಮುಖದ ಪಕ್ಕವನ್ನು ಮುಚ್ಚುತ್ತದೆ. ಪಕ್ಕನೋಟದಲ್ಲಿ ಕೂರಿಸಿದರೆ ಮೂಗಿನ ತುದಿ ಬಿಟ್ಟು ಏನೂ ಕಾಣದು. ಮುಖವನ್ನು ಮುಕ್ಕಾಲು ಓದುಗರ ಕಡೆಗೆ ತಿರುಗಿಸಿ, ಕಣ್ಣು ಮಾತ್ರ ಎಲಿಜಬೆತ್ ಕಡೆ ಇರಲಿ.

ಎಲಿಜಬೆತ್‌ಗೆ ಹಗಲಿನ ಸಾದಾ ಗೌನು: ಉದ್ದ ತೋಳು, ಕುತ್ತಿಗೆಯ ತೆರವನ್ನು ತುಂಬುವ ತೆಳು ಬಿಳಿ ಬಟ್ಟೆ. ಎದೆ ತೆರೆದ ಕುತ್ತಿಗೆ, ಗಿಡ್ಡ ಪುಗ್ಗೆತೋಳು, ಮೊಣಕೈ ಮೀರುವ ಗವಸು ಇವು ಸಂಜೆಯ ಉಡುಪು. ಬೆಳಗಿನ ಕೋಣೆಯಲ್ಲಿ ನೃತ್ಯಕೂಟದ ಗೌನು ತೊಡಿಸುವುದು ಟೀ ಕಪ್ಪಿನಷ್ಟೇ ಸಾಮಾನ್ಯವಾದ ತಪ್ಪು, ಸಿನಿಮಾ ಪೋಸ್ಟರುಗಳ ಪ್ರಭಾವ ಇರಬೇಕು. ಕಾಲಿಗೆ ಹಿಮ್ಮಡಿ ಇಲ್ಲದ ಚಪ್ಪಟೆ ಬೂಟು. ಮಿಸೆಸ್ ಬೆನೆಟ್ ತಲೆಗೆ ಝಾಲರಿಯ ಮನೆಟೋಪಿ. ಅದರ ಝಾಲರಿಯನ್ನು ಸ್ವಲ್ಪ ಹೆಚ್ಚು ಮಾಡಿದರೆ ಅವಳ ಗಡಿಬಿಡಿ ತಾನಾಗಿ ಬರುತ್ತದೆ.

ಕೈಗಳನ್ನು ಮರೆಯಬೇಡಿ. ಅತಿಥಿಯ ಎರಡು ಗವಸಿನ ಕೈ ತೊಡೆಯ ಮೇಲೆ ಒಂದರ ಮೇಲೊಂದು, ಬೆರಳುಗಳ ನಡುವಿನ ಗೆರೆ ತೋರಿಸಿ ಉಗುರು ಬಿಟ್ಟುಬಿಡಿ. ಮಣಿಕಟ್ಟಿನಲ್ಲಿ ಗವಸಿನ ಅಂಚಿಗೂ ತೋಳಿನ ಅಂಚಿಗೂ ನಡುವೆ ಒಂದು ಸಣ್ಣ ಸುಕ್ಕು. ಎದುರಿಗೆ ಎಲಿಜಬೆತ್ ಬರಿಗೈ, ಉಗುರು ಸಮೇತ, ಅರ್ಧಕ್ಕೆ ನಿಂತ ಸೂಜಿ.

ಮುಂದಿನ ಚಿತ್ರವಾಗಿ ತೋಟದ ಮಾತುಕತೆಯನ್ನೂ ಬರೆಯುವುದಾದರೆ ಪಠ್ಯ ಒಂದು ವಿವರ ಕೊಟ್ಟಿದೆ: ಎಲಿಜಬೆತ್ ತನ್ನ ಕೋಣೆಗೆ ಓಡಿ ಬಿಸಿಲುಕೊಡೆ ತರುತ್ತಾಳೆ. ಬಾನೆಟ್ಟಿನ ಮಾತಿಲ್ಲ. ಹೊರಗೆ ಬಾನೆಟ್ ತೊಡಿಸಿದರೆ ರೂಢಿಯ ಪ್ರಕಾರ ಸರಿ. ಆದರೂ ಟೋಪಿ ಇಲ್ಲದ ತಲೆ, ಕೊಡೆ ಎರಡೇ ಇದ್ದರೆ ಚಿತ್ರ ಗೆಲ್ಲುತ್ತದೆ ಅನ್ನುವುದು ನಮ್ಮ ಪಕ್ಷ. ತೋಟವೂ ಅವಳ ಮನೆಯೇ ಅನ್ನುವುದು ಅದರಲ್ಲಿ ಉಳಿಯುತ್ತದೆ.

ಗಂಡಸರಿರುವ ಭೇಟಿಯಾದರೆ

ಕೋಟಿನ ಮುಂಭಾಗ ಸೊಂಟದ ಮಟ್ಟದಲ್ಲಿ ಅಡ್ಡಕ್ಕೆ ಕತ್ತರಿಸಿದ ಹಾಗಿರುತ್ತದೆ, ಬಾಲ ಪಕ್ಕದಿಂದ ಶುರುವಾಗಿ ಮೊಣಕಾಲಿನ ಹಿಂದಕ್ಕೆ ಇಳಿಯುತ್ತದೆ. ಕೋಟಿನ ಕೆಳಗೆ ವೇಸ್ಟ್‌ಕೋಟಿನ ಒಂದು ಬೆರಳಷ್ಟು ಅಂಚು ಕಾಣಬೇಕು. ಕೂತಾಗ ಬಾಲವನ್ನು ಎರಡೂ ಬದಿಗೆ ಸರಿಸಿ ಇಳಿಬಿಡಿ. ಪ್ಯಾಂಟಿಗೆ ಇಸ್ತ್ರಿಯ ಮಡಿಕೆ ಬೇಡವೇ ಬೇಡ, ಅದು ಆ ಶತಮಾನದ ಕೊನೆಯದು. ಹೊತ್ತು ನೋಡಲು ಕೈಗಡಿಯಾರವಿಲ್ಲ. ಸೊಂಟಪಟ್ಟಿಯಿಂದ ಇಳಿಬಿದ್ದ ಗಡಿಯಾರದ ರಿಬ್ಬನ್ನು, ಮುದ್ರೆಗಳು ಇರುತ್ತವೆ.

ಕ್ರವಾಟನ್ನು ಟೈ ಥರ ಬರೆದು ಕೆಡಿಸುವವರು ಬಹಳ. ಅದು ಗಂಜಿ ಹಾಕಿದ ಬಿಳಿ ಬಟ್ಟೆ. ನಡುಭಾಗವನ್ನು ಗಂಟಲಿನ ಮುಂದಿಟ್ಟು, ಎರಡು ತುದಿಗಳನ್ನು ಕುತ್ತಿಗೆಯ ಹಿಂದೆ ದಾಟಿಸಿ, ಮತ್ತೆ ಮುಂದೆ ತಂದು ಸಣ್ಣ ಗಂಟು ಹಾಕುತ್ತಾರೆ. ಬರೆಯುವಾಗ ಮೊದಲು ಅಂಗಿಯ ಕಾಲರಿನ ಎರಡು ಚೂಪು ತುದಿ ದವಡೆ ಮುಟ್ಟುವಂತೆ, ಅದರ ಕೆಳಗೆ ಕುತ್ತಿಗೆ ಸುತ್ತಿದ ಎರಡು ಮೂರು ಬಾಗಿದ ಅಡ್ಡ ಮಡಿಕೆ, ಗಂಟು, ಗಂಟಿನಿಂದ ಹೊರಟ ಎರಡು ಗಿಡ್ಡ ತುದಿ. ಕುತ್ತಿಗೆಯ ಚರ್ಮ ಎಲ್ಲೂ ಕಾಣಬಾರದು. ಗಲ್ಲ ಸ್ವಲ್ಪ ಮೇಲಕ್ಕೆ, ಕೆಳಗೆ ನೋಡಬೇಕಾದರೆ ಕಣ್ಣಷ್ಟೇ ಇಳಿಯಬೇಕು. ಬಿಂಗ್ಲಿಯ ಮೊದಲ ಭೇಟಿ ಬರೆಯುವವರಿಗೆ ಇನ್ನೊಂದು ಮಾತು: ಹುಡುಗಿಯರು ಮಹಡಿಯ ಕಿಟಕಿಯಿಂದ ಕಂಡದ್ದು ನೀಲಿ ಕೋಟು, ಕಪ್ಪು ಕುದುರೆ ಎರಡನ್ನೇ. ಕಪ್ಪು-ಬಿಳುಪು ಚಿತ್ರದಲ್ಲಿ ಕೋಟು ಕುದುರೆಗಿಂತ ಒಂದು ಮಟ್ಟ ತಿಳಿಯಾಗಿರಲಿ, ಇಲ್ಲದಿದ್ದರೆ ಸವಾರ ಕುದುರೆಯೊಳಗೆ ಮುಳುಗುತ್ತಾನೆ.

ಜೋಡಣೆ ಮತ್ತು ಕೋಣೆ

ಬೆಂಕಿಪೊಟ್ಟಣದಷ್ಟು ಸಣ್ಣ ಚೌಕದಲ್ಲಿ ಆರೆಂಟು ಜೋಡಣೆ ಗೀಚಿ ನೋಡಿ. ಪರಿಚಯ ಆಗದ ಇಬ್ಬರು ಹೆಂಗಸರ, ಅಂದರೆ ಅತಿಥಿ ಮತ್ತು ತಾಯಿಯ ನಡುವೆ ಚಿತ್ರದ ಅತಿ ದೊಡ್ಡ ಖಾಲಿ ಜಾಗ ಬರಲಿ. ಅತಿಥಿ ಬಲಕ್ಕೆ, ಒಂಟಿ ಕುರ್ಚಿಯಲ್ಲಿ. ಮನೆಯವರು ಎಡಕ್ಕೆ, ಸೋಫಾದ ಸುತ್ತ. ಕಿಟಕಿ ಎಡಗೋಡೆಯಲ್ಲಿ. ಹೊರಗೆ ನಿಂತ ಗಾಡಿಯ ಚಕ್ರದ ಕಾಲುಭಾಗ ಕಂಡರೆ ಸಾಕು.

ಸಾಮಾನಿನಲ್ಲಿ ಹೆಚ್ಚು ಹೊತ್ತು ಕಳೆಯುವುದು ಬೇಡ. ಕುರ್ಚಿ, ಸೋಫಾದ ಕಾಲು ತೆಳ್ಳಗೆ ಇರಲಿ. ಗುಂಡಿ ಒತ್ತಿ ಉಬ್ಬಿಸಿದ ಮೆತ್ತೆ, ಕುರ್ಚಿಯ ಬೆನ್ನಿಗೆ ಹೊದಿಸಿದ ಲೇಸಿನ ಬಟ್ಟೆ, ಗೋಡೆಯ ತುಂಬ ಚಿತ್ರಪಟ, ಗ್ಯಾಸ್ ದೀಪ ಇವೆಲ್ಲ ವಿಕ್ಟೋರಿಯಾ ಕಾಲದವು.

ಇಂಕ್ ಹಾಕುವುದು

ಗಾಢವಾದ ಮೂರು ಜಾಗ ಮೊದಲೇ ಗುರುತಿಸಿ: ಅತಿಥಿಯ ಪೆಲೀಸ್, ಅವಳ ಬಾನೆಟ್ಟಿನ ಒಳಭಾಗ, ಅರೆತೆರೆದ ಬಾಗಿಲಿನ ಆಚೆ. ಉಳಿದದ್ದೆಲ್ಲ ತಿಳಿ. ಬಂದವಳು ಕಪ್ಪು ಗಡ್ಡೆಯಂತೆ ಕೂತಾಗ ಮನೆಯವರ ಬಿಳಿ ಗೌನುಗಳು ತಾವೇ ಒಂದು ಗುಂಪಾಗುತ್ತವೆ.

ಮುಖಗಳಿಂದ ಶುರುಮಾಡಿ, ಮುಖ ಕೆಟ್ಟರೆ ಹೊಸ ಹಾಳೆ ತೆಗೆದುಕೊಳ್ಳುವುದು ಆಗಲೇ ಸುಲಭ. ಮಸ್ಲಿನ್‌ಗೆ ಗೆರೆ ಹರಿದು ಹರಿದು ಬರಲಿ, ಮಡಿಕೆಯ ಬುಡದಲ್ಲಿ ಮಾತ್ರ ಸ್ವಲ್ಪ ಒತ್ತಿ, ತುದಿಯಲ್ಲಿ ಎತ್ತಿಬಿಡಿ. ರೇಷ್ಮೆಗೆ ಉದ್ದ ಗೆರೆ, ನಡುವೆ ಗೆರೆಯೇ ಇಲ್ಲದ ಹೊಳಪಿನ ಪಟ್ಟಿ, ಅದರ ಪಕ್ಕದಲ್ಲೇ ಥಟ್ಟನೆ ಕಪ್ಪು. ಗಂಡಸರ ಉಣ್ಣೆ ಕೋಟಿಗೆ ಹೊಳಪಿಲ್ಲ, ಒಂದೇ ಹದದ ಅಡ್ಡಗೆರೆ. ಬಟ್ಟೆ ಮೂರೂ ಒಂದೇ ಗೆರೆಯಲ್ಲಿ ಬರೆದರೆ ಎಲ್ಲರೂ ಒಂದೇ ಥಾನಿನಿಂದ ಹೊಲಿಸಿಕೊಂಡವರಂತೆ ಕಾಣುತ್ತಾರೆ.

ನೆರಳಿನ ಗೆರೆಗಳ ನಡುವೆ ಕನಿಷ್ಠ ಅರ್ಧ ಮಿಲಿಮೀಟರ್ ಬಿಡಿ. ಕುಗ್ಗಿದಾಗ ಅದು ಮೂರನೇ ಒಂದು ಮಿಲಿಮೀಟರ್ ಆಗುತ್ತದೆ. ಪುಸ್ತಕ ಮುದ್ರಿಸುವ ಮ್ಯಾಪ್ಲಿಥೋ ಕಾಗದ ಇಂಕನ್ನು ಹೀರಿ ಗೆರೆಯನ್ನು ಸ್ವಲ್ಪ ದಪ್ಪ ಮಾಡುವುದರಿಂದ ಇದಕ್ಕಿಂತ ಒತ್ತಾದರೆ ಹತ್ತಿರದ ಗೆರೆಗಳು ಕೂಡಿ ಮಸಿಯಾಗುತ್ತವೆ. ಪೆನ್ಸಿಲ್ ಅಳಿಸುವ ಮೊದಲು ಕಪ್ಪು ತುಂಬಿದ ಜಾಗ ಪೂರ್ತಿ ಒಣಗಿರಲಿ. ಒಂದು ರಾತ್ರಿ ಬಿಟ್ಟರೆ ನಿಶ್ಚಿಂತೆ.

ಸ್ಕ್ಯಾನ್, ಮುದ್ರಣ

6 × 9 ಇಂಚಿನ ಚಿತ್ರವನ್ನು 800 ಡಿಪಿಐಯಲ್ಲಿ (ಇಂಚಿಗೆ 800 ಚುಕ್ಕಿ) ಗ್ರೇಸ್ಕೇಲ್ ಆಗಿ ಸ್ಕ್ಯಾನ್ ಮಾಡಿ. 4 ಇಂಚಿಗೆ ಕುಗ್ಗಿಸಿದಾಗ ಅದು 1200 ಆಗುತ್ತದೆ, ಗೆರೆಚಿತ್ರಕ್ಕೆ ಬೇಕಾದದ್ದು ಅಷ್ಟು. ಆಮೇಲೆ ಬರೀ ಕಪ್ಪು-ಬಿಳುಪಿಗೆ ಬದಲಿಸುವಾಗ ಎಲಿಜಬೆತ್ ಕುತ್ತಿಗೆಯ ತೆಳು ಬಟ್ಟೆಯ ಮೇಲೆ ಕಣ್ಣಿಡಿ, ಮೊದಲು ಮಾಯವಾಗುವುದು ಅದೇ. ಅದು ಉಳಿಯುವ ಮಟ್ಟಕ್ಕೆ ನಿಲ್ಲಿಸಿ. ಜೆಪೆಗ್ ಬೇಡ, ಟಿಫ್ ಕೊಡಿ. ಜೆಪೆಗ್ಗಿನಲ್ಲಿ ಗೆರೆಯ ಸುತ್ತ ಬೂದುಪುಡಿ ಏಳುತ್ತದೆ.

ಪ್ರೆಸ್ಸಿಗೆ ಕಳಿಸುವ ಮೊದಲು ಪುಸ್ತಕಕ್ಕೆ ಬಳಸುವ ಕಾಗದದ ಮೇಲೇ 4 × 6 ಅಳತೆಯಲ್ಲಿ ಒಂದು ಪ್ರತಿ ತೆಗೆಸಿ, ಕೈಯಳತೆ ದೂರದಲ್ಲಿ ಹಿಡಿದು, ಕತೆ ಓದಿರದ ಯಾರನ್ನಾದರೂ ಕೇಳಿ: ಇದರಲ್ಲಿ ಹೊರಗಿನಿಂದ ಬಂದವರು ಯಾರು? ಬೆರಳು ನೇರವಾಗಿ ಬಾನೆಟ್ಟಿಗೆ ಹೋದರೆ ಫೈಲು ಕಳಿಸಬಹುದು. ತಡವರಿಸಿದರೆ ಎಡಗುಂಪಿನ ಯಾರದೋ ಗೌನಿಗೆ ನೆರಳು ಜಾಸ್ತಿಯಾಗಿದೆ, ಬಿಳಿ ಹಚ್ಚಿ ಇಳಿಸಿ. ಪುಟ ಕಟ್ಟುವವರಿಗೆ ಒಂದು ಚೀಟಿ ಬರೆಯಿರಿ: ಚಿತ್ರ ಗಾಡಿಯ ಸದ್ದು ಕೇಳಿಸುವ ಪುಟಕ್ಕಿಂತ ಮುಂಚೆ ಬರಬಾರದು.